ಅಂಚಿಗೊಂದು ಕುಸುಬೆ ಸಾಲು

ಪಾತಿ ತೊಂಬತ್ತಾರು ಅಡಿ ಉದ್ದ, ಆರು ಅಡಿ ಅಗಲ. ಕಾಲೇಜಿನ ಗೇಟಿನಿಂದ ಸಭಾಂಗಣದ ಮೆಟ್ಟಿಲಿನವರೆಗೆ, ದಾರಿಯ ಎಡಬದಿಗೆ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡಿತ್ತು. ಮಧ್ಯಾಹ್ನ ಒಂದು ಗಂಟೆಯವರೆಗೆ ಬಿಸಿಲು, ಆಮೇಲೆ ಗೋಡೆಯಾಚೆಯ ಬಿಲ್ಡಿಂಗಿನ ನೆರಳು. ಮಣ್ಣು ಒಳ್ಳೆಯದಲ್ಲ. ಭರ್ತಿ ಮಾಡಿದ ನೆಲ. ಒಂದಡಿ ಅಗೆದರೆ ಇಟ್ಟಿಗೆ ಚೂರು ಸಿಗುತ್ತಿತ್ತು.

ಆಂಟಾಪ್ ಹಿಲ್ಲಿನ ಆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ವಿಭಾಗದ ಮುಖ್ಯಸ್ಥೆ ಎಂಬ ಕಾರಣಕ್ಕೆ ತೋಟದ ಹೊಣೆಯೂ ನನಗೇ ಬಂದಿತ್ತು. ಜನವರಿ ಕೊನೆಯ ವಾರ ಸಂಸ್ಥಾಪಕರ ದಿನ. ಆ ದಿನಕ್ಕೆ ಪಾತಿ ಪೂರ್ತಿ ಹೂವಾಗಿರಬೇಕು. ಹಿಂದೆ ಯಾವುದು, ಮುಂದೆ ಯಾವುದು, ಎಷ್ಟು ಅಂತರ, ಯಾವ ವಾರ ಬೀಜ ಬೀಳಬೇಕು ಎಂದು ನಾನು ಪ್ರತಿವರ್ಷ ಗ್ರಾಫ್ ಕಾಗದದ ಮೇಲೆ ನಕ್ಷೆ ಬರೆಯುತ್ತಿದ್ದೆ. ಆ ನಕ್ಷೆಯನ್ನು ನೆಲಕ್ಕೆ ಇಳಿಸಿದವನು ಗದಿಗೆಪ್ಪ.

ಅವನು ಬಂದದ್ದು 1982ರ ಅಕ್ಟೋಬರಿನಲ್ಲಿ. ವಿಜಾಪುರ ಜಿಲ್ಲೆಯ ಸಿಂದಗಿ ಕಡೆಯವನು. ಪರೇಲಿನ ಒಂದು ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ ಹದಿನಾರು ವರ್ಷ ದುಡಿದಿದ್ದ. ಮಿಲ್ ಮುಷ್ಕರ ಶುರುವಾಗಿ ಒಂಬತ್ತು ತಿಂಗಳು ಕಳೆದಿತ್ತು. ಕರೆತಂದವನು ನಮ್ಮ ವಾಚ್‌ಮನ್ ಚೆನ್ನಯ, ಉಡುಪಿ ಕಡೆಯವನು.

"ಮೇಡಂ, ಇವ ಮಾತಾಡುದಿಲ್ಲ, ಕೆಲಸ ಮಾಡ್ತಾನೆ," ಎಂದ ಚೆನ್ನಯ. "ಮಾತಾಡುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರಲ್ಲ."

ಗದಿಗೆಪ್ಪನಿಗೆ ಕಿವಿ ಮಂದವಾಗಿತ್ತು. ಹದಿನಾರು ವರ್ಷ ಯಂತ್ರಗಳ ಸದ್ದಿನಲ್ಲಿ ನಿಂತವರಿಗೆ ಹಾಗಾಗುತ್ತದೆ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ. ಆಫೀಸಿನಲ್ಲಿ ಗುಮಾಸ್ತ ಹುಟ್ಟಿದ ತಾರೀಖು ಕೇಳಿದ.

"ಗೊತ್ತಿಲ್ರಿ. ಜ್ವಾಳ ಕೊಯ್ಯೂ ಮುಂದ ಹುಟ್ಟೀದಿ ಅಂತಿದ್ಲು ಅವ್ವ."

ಗುಮಾಸ್ತ 1938ರ ಜೂನ್ ಒಂದು ಎಂದು ಬರೆದ. ಆ ಕಡೆ ಜೋಳ ಕೊಯ್ಯುವುದು ಫೆಬ್ರುವರಿಯಲ್ಲಿ ಎಂದು ನಾನು ಹೇಳಿದೆ. ಅವನು ಬದಲಿಸಲಿಲ್ಲ. ನಮ್ಮ ಸಂಸ್ಥೆಯ ದಾಖಲೆಯ ಪ್ರಕಾರ ಅರ್ಧ ಸಿಬ್ಬಂದಿ ಹುಟ್ಟಿದ್ದು ಜೂನ್ ಒಂದರಂದೇ.

ಮೊದಲ ದಿನ ನಕ್ಷೆ ಕೊಟ್ಟಾಗ ಗದಿಗೆಪ್ಪ ಅದನ್ನು ತಲೆಕೆಳಗಾಗಿ ಹಿಡಿದ. ಓದಲು ಬಾರದೆ ಅಲ್ಲ. ಪಾತಿಯ ಮುಂದೆ ನಿಂತಾಗ ಗೋಡೆ ಯಾವ ಕಡೆಗೆ ಬರುತ್ತದೋ ಕಾಗದವೂ ಹಾಗೇ ಇರಬೇಕೆಂದು. ಒಂದೊಂದು ಗಿಡ ಎಷ್ಟು ಎತ್ತರ ಬೆಳೆಯುತ್ತದೆ ಎಂದು ಕೇಳಿದ. ಹೂವಿನ ಬಣ್ಣ ಕೇಳಲಿಲ್ಲ. ಮರುದಿನ ಶೆಡ್ಡಿಗೆ ಹೋದರೆ ನೆಲದ ಉದ್ದಕ್ಕೂ ಕಾಳು ಜೋಡಿಸಿಟ್ಟಿದ್ದ. ನಾಲ್ಕಡಿಗೆ ಒಂದು ಗೇಣಿನ ಲೆಕ್ಕ. ಎತ್ತರದ ಹಾಲಿಹಾಕ್ ಮತ್ತು ಕಾಸ್ಮಾಸ್ ಇದ್ದ ಕಡೆ ಜೋಳ, ನಡುವಿನ ಜಿನ್ನಿಯಾ ಮತ್ತು ಸಾಲ್ವಿಯಾಕ್ಕೆ ತೊಗರಿ, ಮುಂದಿನ ಕುಳ್ಳ ಗಿಡಗಳಿಗೆ ಎಳ್ಳು. ಒಂದು ಮೂಲೆಯಲ್ಲಿ ಕಾಳಿಲ್ಲದ ಜಾಗ ಬಿಟ್ಟಿದ್ದ.

"ಇಲ್ಲಿ ಸಾಲ್ವಿಯಾ ಬರಬೇಕಲ್ಲ?" ಎಂದೆ.

"ಅಲ್ಲಿ ನೀರು ನಿಂದರತೈತ್ರಿ ಅಕ್ಕಾರ. ನಿನ್ನೆ ಮಳಿ ಆದ ಮ್ಯಾಲೆ ನೋಡೇನಿ. ಬ್ಯಾರೆ ಏನರ ಹೇಳ್ರಿ."

ನಾನು ಏಳು ವರ್ಷದಿಂದ ಆ ಪಾತಿಗೆ ನಕ್ಷೆ ಬರೆಯುತ್ತಿದ್ದೆ. ಮಳೆ ನಿಂತ ಮರುದಿನ ಹೋಗಿ ನೋಡಿರಲಿಲ್ಲ. ಸಾಲ್ವಿಯಾವನ್ನು ಬೇರೆಡೆಗೆ ಸರಿಸಿದೆ. ಅಂದಿನಿಂದ ಅವನ ಕಾಳಿನ ನಕ್ಷೆ ನೋಡಿದ ಮೇಲೆಯೇ ನನ್ನದನ್ನು ಮಸಿಯಲ್ಲಿ ಬರೆಯುವ ರೂಢಿಯಾಯಿತು.

ಆ ವರ್ಷ ಹೂವು ಚೆನ್ನಾಗಿಯೇ ಬಂತು. ಹಿಂದಿನ ಗೇಟಿನ ಕೆಳಗಿನ ಸರಳು ತುಕ್ಕು ಹಿಡಿದು ಮುರಿದಿತ್ತು. ಒಂದು ದಿನ ಎರಡು ಆಡು ನುಗ್ಗಿ ಎಂಟಡಿ ಪಾತಿ ಮೇಯ್ದವು. ಗೇಟು ರಿಪೇರಿ ಮಾಡಿಸಿ ಎಂದು ಬರೆದುಕೊಟ್ಟೆ. ಮಾಡಿಸಲಿಲ್ಲ.

"ನಮ್ಮ ಕಡೀಗೆ ಜ್ವಾಳದ ಹೊಲಕ್ಕ ಸುತ್ತ ಕುಸಬಿ ಹಾಕತೀವ್ರಿ," ಎಂದ ಗದಿಗೆಪ್ಪ. "ಮುಳ್ಳಿರತೈತಿ. ದನಾ ಆಡಾ ಬಾಯಿ ಹಾಕೂದಿಲ್ಲ."

ಮುಂದಿನ ವರ್ಷ ನೋಡೋಣ ಎಂದೆ.

ಮುಂದಿನ ವರ್ಷ ಹೂವಿಗಿಂತ ದೊಡ್ಡದೊಂದು ವಿಷಯ ಆ ಪಾತಿಯ ಮೇಲೆ ನಿಂತಿತು. ಗದಿಗೆಪ್ಪ ದಿನಗೂಲಿಯವನು. ಕಾಲೇಜಿಗೆ ಮೊದಲಿನಿಂದಲೂ ಇದ್ದ ಕಾಯಂ ಮಾಲಿ 1984ರ ಮಾರ್ಚಿಗೆ ನಿವೃತ್ತನಾಗುವವನಿದ್ದ. ಅವನ ಹುದ್ದೆಯೂ, ಶೆಡ್ಡಿನ ಪಕ್ಕದಲ್ಲಿ ಅವನಿದ್ದ ಒಂದೇ ಕೋಣೆಯ ಖೋಲಿಯೂ ಖಾಲಿಯಾಗುತ್ತಿತ್ತು. ನಾನು ಗದಿಗೆಪ್ಪನ ಹೆಸರು ಹೇಳಿದೆ. ಸಂಸ್ಥೆಯ ಕಾರ್ಯದರ್ಶಿ ವೆಂಕಟಸುಬ್ಬಯ್ಯನವರು ಮೈಸೂರಿನವರು, ನಿವೃತ್ತ ಬ್ಯಾಂಕ್ ಅಧಿಕಾರಿ.

"ಅವನು ಬಂದು ಒಂದು ವರ್ಷ ಆಯಿತೋ ಇಲ್ಲವೋ," ಎಂದರು. "ಸಂಸ್ಥಾಪಕರ ದಿನ ಕಳೀಲಿ ಮೇಡಂ. ಪಾತಿ ನೋಡೋಣ. ಮಾಲಿಗೆ ಹೂವೇ ಸರ್ಟಿಫಿಕೇಟು, ಅಲ್ಲವೇ?"

ಗದಿಗೆಪ್ಪನಿಗೆ ಬೇಕಾಗಿದ್ದದ್ದು ಖೋಲಿ. ಪರೇಲಿನ ಚಾಳಿನಲ್ಲಿ ಅವನು ದೊಡ್ಡಪ್ಪನ ಮಗನ ಖೋಲಿಯಲ್ಲಿದ್ದ. ಮುಷ್ಕರ ಮುಗಿಯುವ ಲಕ್ಷಣ ಕಾಣದೆ ಆ ಅಣ್ಣ ಖೋಲಿ ಮಾರಿ ಊರಿಗೆ ಹೋದ. ಗದಿಗೆಪ್ಪ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಧಾರಾವಿಯಲ್ಲಿ ಹೆಂಡತಿಯ ಅಣ್ಣ ಶಂಕ್ರೆಪ್ಪನ ಮನೆಯ ಅಟ್ಟ ಸೇರಿದ್ದ. ಅಟ್ಟದ ಮೇಲೆ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ಕೆಳಗೆ ಶಂಕ್ರೆಪ್ಪನ ಸಂಸಾರ. ನೀರಿಗೂ ಒಲೆಗೂ ಪಾಳಿ.

ಅವನ ಹೆಂಡತಿ ಕಸ್ತೂರಿಬಾಯಿಯನ್ನು ನಾನು ನೋಡಿದ್ದು ನವೆಂಬರಿನಲ್ಲಿ. ಗಂಡನಿಗೆ ರೊಟ್ಟಿ ತಂದಿದ್ದಳು. ಅವನು ಉಣ್ಣುವಷ್ಟು ಹೊತ್ತು ಪಾತಿಯಲ್ಲಿ ಕೂತು ದಟ್ಟವಾಗಿ ಹುಟ್ಟಿದ್ದ ಸಸಿಗಳನ್ನು ಕಿತ್ತು ತೆಳು ಮಾಡಿದಳು. ಅವನಿಗಿಂತ ಬೇಗ ಮಾಡಿದಳು. ಆಮೇಲೆ ಶೆಡ್ಡಿನ ನೆಲದ ಮೇಲಿದ್ದ ಕಾಳಿನ ನಕ್ಷೆ ನೋಡಿ ಸೆರಗು ಸಿಕ್ಕಿಸಿಕೊಂಡಳು.

"ಇದರ ಕೆಲಸಾ ಮುಗಿದಿತ್ತಂದ್ರ ಕಾಳು ತುಂಬಿಕೊಳ್ಳಲ್ರಿ ಅಕ್ಕಾರ? ಚಲೋ ಜ್ವಾಳ ಅದಾವು. ಮನ್ಯಾಗ ಇಲ್ಲದ್ದು ಇಲ್ಲಿ ಬಿತ್ತ್ಯಾನ."

ನಾನು ತುಂಬಿಕೋ ಎಂದೆ. ಹಳೆಯ ಮಾಲಿ ಊಟಕ್ಕೆ ಹೋಗಿದ್ದ. ಖೋಲಿಯ ಬಾಗಿಲು ತೆರೆದಿತ್ತು. ಅವಳು ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು, ಒಳಗೆ ಹೋಗಿ ಪಾದಕ್ಕೆ ಪಾದ ಹಚ್ಚಿ ಅಳೆದಳು. ಹತ್ತು ಪಾದ ಉದ್ದ, ಒಂಬತ್ತು ಅಗಲ.

"ಇಲ್ಲಿ ಒಲಿ," ಎಂದಳು ಕಿಟಕಿಯ ಕೆಳಗಿನ ಮೂಲೆ ತೋರಿಸಿ. "ಅಲ್ಲಿ ಹಾಸಿಗಿ. ಹೂವಿಗೆ ಆರು ಫೂಟ್ ಜಾಗಾ ಕೊಟ್ಟಾರ. ನಮಗ ಮೂರು ಫೂಟ್ ಅಟ್ಟ."

ಗದಿಗೆಪ್ಪ ಊಟದ ಅರಿವೆ ಝಾಡಿಸುತ್ತ ಬಾಗಿಲಿಗೆ ಬಂದ. ಅವಳು ಹೇಳಿದ್ದು ನನಗೆ, ಆದರೆ ಮುಖ ಅವನ ಕಡೆಗಿತ್ತು. ತುಟಿ ಅವನಿಗೆ ಕಾಣಬೇಕಾಗಿತ್ತು.

"ಅಕ್ಕಾರ, ಈ ಖೋಲಿ ಆತಂದ್ರ ಇರತೀನ್ರಿ. ಆಗಲಿಲ್ಲಂದ್ರ ಯುಗಾದಿ ಆದ ಮ್ಯಾಲೆ ಹುಡುಗ್ಯಾರನ ಕರಕೊಂಡು ಊರಿಗೆ ಹೋಗತೀನಿ. ಹೊಳ್ಳಿ ಬರೂದಿಲ್ಲ. ಇವ್ರಿಗೆ ಹೇಳೇನಿ."

"ಹೇಳ್ಯಾಳ್ರಿ," ಎಂದ ಗದಿಗೆಪ್ಪ.

ಅವಳು ಕೋಪದಿಂದ ಹೇಳಿದ್ದಲ್ಲ. ಅವನು ದುಃಖದಿಂದ ಒಪ್ಪಿದ್ದೂ ಅಲ್ಲ. ಇಬ್ಬರೂ ಲೋಕಲ್ ರೈಲಿನ ಸಮಯ ಹೇಳುವಂತೆ ಹೇಳಿದರು.

ಆ ವರ್ಷ ಅವನು ನನ್ನನ್ನು ಕೇಳದೆ ಎರಡು ಕೆಲಸ ಮಾಡಿದ್ದ. ದಾರಿಯ ಅಂಚಿಗೆ ತೊಂಬತ್ತಾರು ಅಡಿಯೂ ಕುಸುಬೆ ಬಿತ್ತಿದ್ದ. ಮುಂದಿನ ವರ್ಷ ನೋಡೋಣ ಎಂದಿದ್ದೆನಲ್ಲ, ಅದನ್ನೇ ಒಪ್ಪಿಗೆ ಎಂದುಕೊಂಡಿದ್ದ. ಎರಡನೆಯದು, ಪಾತಿಯೊಳಗೆ ಐದು ಸಾಲು ಹೂವಿನ ಗಿಡ ಆದ ಮೇಲೆ ಒಂದು ಸಾಲು ಹುಚ್ಚೆಳ್ಳು. ಅದಕ್ಕೆ ಅವರ ಕಡೆ ಗುರೆಳ್ಳು ಎನ್ನುತ್ತಾರೆ. ಗಿಡ ಒಂದಡಿ ಆದಾಗ ನನ್ನ ಕಣ್ಣಿಗೆ ಬಿತ್ತು.

"ಇದೇನು ಗದಿಗೆಪ್ಪ?"

"ಅಕ್ಕಡಿ ರೀ. ಒಂದs ಬೆಳಿ ನಂಬಿ ಭೂಮಿ ತುಂಬಬಾರದ್ರಿ. ಅದು ಹ್ವಾದ್ರ ಇದು ಇರತೈತಿ."

ಹೊಲದಲ್ಲಿ ಮುಖ್ಯ ಬೆಳೆಯ ನಡುನಡುವೆ ಬೇರೊಂದರ ಸಾಲು ಹಾಕುವುದನ್ನು ಅಕ್ಕಡಿ ಎನ್ನುತ್ತಾರೆ. ಹುಚ್ಚೆಳ್ಳಿನ ಹೂವು ಹಳದಿ. ಕಾಸ್ಮಾಸಿನ ಗುಲಾಬಿ, ಸಾಲ್ವಿಯಾದ ಕೆಂಪಿನ ನಡುವೆ ಕೆಟ್ಟದಾಗಿ ಕಾಣುವುದಿಲ್ಲ ಎಂದು ಲೆಕ್ಕ ಹಾಕಿದೆ. ಬೇಕೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ನಕ್ಷೆಯಲ್ಲಿ ಬರೆಯಲಿಲ್ಲ.

ಕುಸುಬೆ ಬೇರೆ ಮಾತು. ಡಿಸೆಂಬರ್ ಕೊನೆಗೆ ಅದು ಮೊಣಕಾಲೆತ್ತರ ಬೆಳೆದು ಎಲೆಯ ತುದಿಗೆಲ್ಲ ಮುಳ್ಳು ಬಂತು. ಸಂಸ್ಥಾಪಕರ ದಿನ ರೇಷ್ಮೆ ಸೀರೆಯುಟ್ಟ ಮುನ್ನೂರು ಹೆಂಗಸರು ಆ ದಾರಿಯಲ್ಲಿ ನಡೆಯುವವರು. ಹೂಪಾತಿಯ ಮುಂದಿನ ಸಾಲಿನಲ್ಲಿ ಮುಳ್ಳಿನ ಗಿಡ ಇಡುವುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಕೀಳು ಎಂದೆ.

"ಆಡು ಬರತಾವ್ರಿ."

"ಗೇಟಿಗೆ ಮತ್ತೆ ಬರೆದಿದ್ದೇನೆ. ಕೀಳು."

ಅವನು ಒಂದು ಕ್ಷಣ ನನ್ನ ತುಟಿ ನೋಡಿದ. ಆಮೇಲೆ ಕೈಗೆ ಗೋಣಿತಾಟು ಸುತ್ತಿಕೊಂಡು ಕೀಳಲು ಕೂತ. ಸಂಜೆಯ ಹೊತ್ತಿಗೆ ತೊಂಬತ್ತಾರು ಅಡಿಯೂ ಮುಗಿದಿತ್ತು. ಕಿತ್ತ ಜಾಗದಲ್ಲಿ ನಾನು ಹೇಳಿದ ಬಿಳಿ ಅಲಿಸಮ್ ಸಸಿ ನೆಟ್ಟ. ಬಹಳ ಅಂದವಾಗಿತ್ತು.

ಜನವರಿ ಹದಿನೈದು ಭಾನುವಾರ, ಸಂಕ್ರಾಂತಿಯ ಮರುದಿನ. ಕಾಲೇಜಿಗೆ ರಜೆ. ಸೋಮವಾರ ಬೆಳಿಗ್ಗೆ ನಾನು ಗೇಟಿನೊಳಗೆ ಬಂದಾಗ ಚೆನ್ನಯ ನನ್ನ ಮುಖ ನೋಡಲಿಲ್ಲ.

"ಊಟಕ್ಕೆ ಹೋದದ್ದು ಅರ್ಧ ಗಂಟೆ ಮೇಡಂ. ಏಳೆಂಟು ಆಡು. ಮದುವೆ ಊಟದ ಹಾಗೆ ಸಾಲಾಗಿ ನಿಂತು ತಿಂದಿದ್ದಾವೆ."

ಗದಿಗೆಪ್ಪ ಪಾತಿಯಲ್ಲಿ ಕೂತು ಮುರಿದ ಕಾಂಡಗಳನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸುತ್ತಿದ್ದ. ಹಾಲಿಹಾಕ್ ಇಲ್ಲ, ಕಾಸ್ಮಾಸ್ ಇಲ್ಲ, ಜಿನ್ನಿಯಾ ಅಲ್ಲೊಂದು ಇಲ್ಲೊಂದು. ಅಲಿಸಮ್ಮನ್ನು ತುಳಿದು ಮಣ್ಣು ಮಾಡಿದ್ದವು. ಗುರೆಳ್ಳನ್ನು ಮಾತ್ರ ಮುಟ್ಟಿರಲಿಲ್ಲ. ಆ ಗಿಡವನ್ನು ದನಕರು ಮೇಯುವುದಿಲ್ಲ. ಅದು ನನಗೂ ಗೊತ್ತಿದ್ದ ಸಂಗತಿ, ಪುಸ್ತಕದಿಂದ.

ಆಡಿನ ಮಾತನ್ನು ಅವನು ಎತ್ತಲಿಲ್ಲ. "ಹನ್ನೆರಡು ದಿನಾ ಅದಾವ್ರಿ," ಎಂದಷ್ಟೇ ಹೇಳಿದ.

ಹನ್ನೆರಡು ದಿನದಲ್ಲಿ ಬೀಜದಿಂದ ಏನೂ ಬರುವುದಿಲ್ಲ. ನರ್ಸರಿಯಿಂದ ಕುಂಡ ತರಿಸೋಣ ಎಂದು ವೆಂಕಟಸುಬ್ಬಯ್ಯನವರನ್ನು ಕೇಳಿದೆ. ಒಪ್ಪಲಿಲ್ಲ. ಗದಿಗೆಪ್ಪ ಉಳಿದಿದ್ದ ಜಿನ್ನಿಯಾಗಳನ್ನು ಮಣ್ಣುಸಮೇತ ಎತ್ತಿ ಮೆಟ್ಟಿಲ ಬಳಿ ಒಟ್ಟಿಗೆ ನೆಟ್ಟ. ಗುರೆಳ್ಳಿನ ಬುಡಕ್ಕೆ ಮಣ್ಣೇರಿಸಿದ. ನಡುವಿನ ಬರಿ ನೆಲವನ್ನು ಕೆದರಿ, ನೀರು ಚಿಮುಕಿಸಿ, ಹಲುಬೆಯಿಂದ ಗೆರೆ ಎಳೆದ. ಇಪ್ಪತ್ತೆಂಟನೆಯ ತಾರೀಖು ಪಾತಿ ಹೊಲದಂತಿತ್ತು: ಕಪ್ಪು ನೆಲ, ಅದರಲ್ಲಿ ನೆಟ್ಟಗೆ ಹಳದಿ ಸಾಲುಗಳು. ಅತಿಥಿಗಳು ಅದನ್ನು ನೋಡಲಿಲ್ಲ. ಅತಿಥಿಗಳು ಸಾಮಾನ್ಯವಾಗಿ ನೋಡುವುದಿಲ್ಲ.

ವೆಂಕಟಸುಬ್ಬಯ್ಯನವರು ನೋಡಿದರು. ಅತಿಥಿಗಳನ್ನು ಒಳಗೆ ಕೂರಿಸಿ ಹೊರಗೆ ಬಂದು ನನ್ನನ್ನು ಕರೆದರು. ಗದಿಗೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹತ್ತಡಿ ದೂರದಲ್ಲಿ, ನಮಗೆ ಎದುರಾಗಿ ನಿಂತಿದ್ದ.

"ಏನು ಮೇಡಂ ಇದು, ಹುಚ್ಚೆಳ್ಳು? ಇದನ್ನು ನಮ್ಮ ಅಜ್ಜಿ ಚಟ್ನಿಪುಡಿಗೆ ಹುರೀತಿದ್ದರು."

"ಹೌದು, ಹುಚ್ಚೆಳ್ಳು."

"ನಿಮ್ಮ ನಕ್ಷೆಯಲ್ಲಿ ಇತ್ತೇ?"

"ಇರಲಿಲ್ಲ."

"ಅವನೇ ಹಾಕಿದ್ದು?"

"ಹೌದು."

"ಸರಿ," ಎಂದು ಒಳಗೆ ಹೋದರು.

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಕುಸುಬೆ ಕೀಳಿಸಿದವಳು ನಾನು, ಗುರೆಳ್ಳನ್ನು ಕಂಡೂ ಸುಮ್ಮನಿದ್ದವಳು ನಾನು ಎಂಬುದೂ ಅಷ್ಟೇ ನಿಜವಾಗಿತ್ತು. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ನನ್ನ ಅಭ್ಯಾಸ. ಪರೀಕ್ಷೆಯಲ್ಲಿ ವಿದ್ಯಾರ್ಥಿನಿಯರಿಗೂ ಅದನ್ನೇ ಕಲಿಸುತ್ತಿದ್ದೆ. ಗದಿಗೆಪ್ಪ ನನ್ನ ತುಟಿ ನೋಡಿದ್ದ. ಮೆಟ್ಟಿಲ ಬಳಿ ಬಿದ್ದಿದ್ದ ನೀರಿನ ಪೈಪು ಸುತ್ತಿಟ್ಟು ಶೆಡ್ಡಿಗೆ ಹೋದ.

ಮಾರ್ಚಿನಲ್ಲಿ ಹುದ್ದೆ ನಂಜುಂಡನಿಗೆ ಹೋಯಿತು. ಅವನು ಆಫೀಸಿನ ಪ್ಯೂನನ ತಮ್ಮ. ಹೇಳಿದಷ್ಟನ್ನು ಮಾಡುತ್ತಾನೆ ಎಂದು ವೆಂಕಟಸುಬ್ಬಯ್ಯನವರು ಟಿಪ್ಪಣಿ ಬರೆದರು. ಆಗ ನಾನು ಅವರ ಕೋಣೆಗೆ ಹೋಗಿ ಉಳಿದ ಎರಡು ಸಂಗತಿ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಇದನ್ನು ಜನವರಿಯಲ್ಲಿ ಹೇಳಬಹುದಾಗಿತ್ತಲ್ಲ ಮೇಡಂ. ಆರ್ಡರ್ ಕೊಟ್ಟಾಯಿತು."

ಗದಿಗೆಪ್ಪ ದಿನಗೂಲಿಯಲ್ಲೇ ಮುಂದುವರಿದ. ಏಪ್ರಿಲಿನಲ್ಲಿ ಯುಗಾದಿ ಕಳೆದ ನಾಲ್ಕನೆಯ ದಿನ ಅರ್ಧ ದಿನದ ರಜೆ ಕೇಳಿದ. ಯಾಕೆ ಎಂದೆ.

"ದಾದರಿಗೆ ಹೋಗಬೇಕ್ರಿ. ಸೊಲ್ಲಾಪುರ ಗಾಡಿಗೆ ಕುಂದರಿಸಿ ಬರತೀನಿ."

ಮಧ್ಯಾಹ್ನ ಎರಡಕ್ಕೆ ಬಂದು ಹುಲ್ಲು ಕತ್ತರಿಸಿದ. ಧಾರಾವಿಯ ಅಟ್ಟ ಬಿಟ್ಟು ಚೆನ್ನಯನ ಜೊತೆ ವಾಚ್‌ಮನ್ ಕ್ಯಾಬಿನ್ನಿನಲ್ಲಿ ಮಲಗಲು ಶುರುಮಾಡಿದ. ಮೊದಲೇ ಕಡಿಮೆಯಿದ್ದ ಮಾತು ಇನ್ನೂ ಕಡಿಮೆಯಾಯಿತು. "ಇವನ ಜೊತೆ ಇರುದೂ ಒಂದೇ, ಕುಂಡದ ಜೊತೆ ಇರುದೂ ಒಂದೇ," ಎನ್ನುತ್ತಿದ್ದ ಚೆನ್ನಯ. "ಕುಂಡ ಬೀಡಿ ಕೇಳುದಿಲ್ಲ, ಅಷ್ಟೇ." ಮಿಲ್ಲಿನವರು ಕೆಲವರನ್ನು ವಾಪಸು ತೆಗೆದುಕೊಳ್ಳುತ್ತಿದ್ದಾರೆಂಬ ಸುದ್ದಿ ಬಂದಾಗ ಹೋಗಿ ನೋಡಿಕೊಂಡು ಬಂದ. ಏನಾಯಿತು ಎಂದದ್ದಕ್ಕೆ, "ಗೇಟಿನ ತನಕಾ ಹೋಗಿದ್ದೆ," ಎಂದ.

1985ರ ನಕ್ಷೆಯಲ್ಲಿ ಕುಸುಬೆಯ ಸಾಲನ್ನು ನಾನೇ ಬರೆದೆ. ಐದಕ್ಕೊಂದು ಗುರೆಳ್ಳನ್ನೂ ಬರೆದೆ. ನಕ್ಷೆಯ ಒಂದು ಪ್ರತಿಗೆ ಸಹಿ ಹಾಕಿ ಮುಂಚೆಯೇ ಆಫೀಸಿಗೆ ಕೊಟ್ಟೆ. ಜನವರಿಯಲ್ಲಿ ಕುಸುಬೆ ಕಿತ್ತಳೆ ಬಣ್ಣಕ್ಕೆ ಅರಳಿತು. ಸಂಸ್ಥಾಪಕರ ದಿನ ಟ್ರಸ್ಟಿಯೊಬ್ಬರ ಪತ್ನಿಯ ಸೀರೆ ಮುಳ್ಳಿಗೆ ಸಿಕ್ಕಿ ಒಂದೆಳೆ ಎದ್ದಿತು. ವೆಂಕಟಸುಬ್ಬಯ್ಯನವರು ಗದಿಗೆಪ್ಪನನ್ನು ಕರೆದರು. ನಾನು ನಡುವೆ ಹೋಗಿ, ಅದು ನನ್ನ ನಕ್ಷೆಯಲ್ಲಿದೆ, ಪ್ರತಿ ನಿಮ್ಮ ಮೇಜಿನಲ್ಲಿದೆ ಎಂದೆ. ಅವರು ಗದಿಗೆಪ್ಪನನ್ನು ಕಳಿಸಿ ಒಳಗೆ ಹೋದರು. ನನ್ನ ಆ ಮಾತು ಒಂದು ವರ್ಷ ತಡವಾಗಿತ್ತು.

1987ರ ಜುಲೈಯಲ್ಲಿ ನಂಜುಂಡ ಬೇರೆ ಕೆಲಸ ಸಿಕ್ಕಿ ಬಿಟ್ಟುಹೋದ. ಈ ಸಲ ಯಾರೂ ಹೂವು ನೋಡೋಣ ಎನ್ನಲಿಲ್ಲ. ಗದಿಗೆಪ್ಪನ ಹೆಸರು ಹತ್ತು ನಿಮಿಷದಲ್ಲಿ ಒಪ್ಪಿಗೆಯಾಯಿತು. ಖೋಲಿಯ ಬೀಗದ ಕೈಯನ್ನು ನಾನೇ ಕೊಟ್ಟೆ. ಅದನ್ನು ಉಡಿದಾರಕ್ಕೆ ಕಟ್ಟಿಕೊಂಡ. ಸುಣ್ಣ ತಂದು ಎರಡು ಸಲ ಬಳಿದ. ಕಿಟಕಿಯ ಕೆಳಗಿನ ಮೂಲೆಗೆ, ಒಲೆಗೆಂದು, ಒಂದು ಕಲ್ಲುಚಪ್ಪಡಿ ಹಾಸಿದ. ಆಮೇಲೆ ಆರು ದಿನದ ರಜೆ ಬರೆಸಿ ಊರಿಗೆ ಹೋದ.

ನಾಲ್ಕನೆಯ ದಿನಕ್ಕೇ ಬಂದ, ಒಬ್ಬನೇ. ಕೈಯಲ್ಲಿ ಒಂದು ಅರಿವೆಯ ಗಂಟಿತ್ತು. ನಾನು ಪ್ರಯೋಗಾಲಯದ ಹೊರಗೆ ನಿಂತಿದ್ದೆ.

"ಕಸ್ತೂರಿಬಾಯಿ ಬರಲಿಲ್ಲವೇ?"

"ಇಲ್ರಿ."

"ಏನೆಂದಳು?"

"ನಾ ಕೇಳಲಿಲ್ರಿ."

ಗಂಟನ್ನು ಕೈಯಿಂದ ಕೈಗೆ ಬದಲಿಸಿದ.

"ಕೇಳಾಕಂತನs ಹೋಗಿದ್ನಿ. ದೊಡ್ಡಾಕಿದು ಲಗ್ನಾ ಗೊತ್ತಾಗೇತಿ. ಹಿತ್ತಲದಾಗ ಗ್ವಾಡಿ ಗುಂಟ ಬದನಿ ಹಚ್ಚ್ಯಾಳ, ಮೆಣಸಿನಕಾಯಿ ಹಚ್ಚ್ಯಾಳ. ಎತ್ತರದ್ದು ಹಿಂದ, ಗಿಡ್ಡದ್ದು ಮುಂದ. ಒಲಿ ಮುಂದ ಕುಂತು ರೊಟ್ಟಿ ಬಡೀತಿದ್ಲು. ನನ್ನ ನೋಡಿ ಇನ್ನ ಎರಡು ರೊಟ್ಟಿ ಬಡದ್ಲು. ಉಂಡು ಬಂದ್ನಿ."

"ಖೋಲಿ ಸಿಕ್ಕಿತೆಂದು ಹೇಳಿದೆಯಾ?"

"ಚಾವಿ ನೋಡಿದ್ಲ್ರಿ, ಮೈಮ್ಯಾಲೆ ನೀರು ಹಾಕ್ಕೊಳ್ಳೂ ಮುಂದ. ಏನೂ ಅನ್ನಲಿಲ್ಲ."

ಹುಡುಗಿಯರು ಸಾಲಾಗಿ ಪ್ರಯೋಗಾಲಯದೊಳಗೆ ಹೋಗುತ್ತಿದ್ದರು. ಅವರು ದಾಟುವವರೆಗೆ ಅವನು ಗೋಡೆಗೆ ಸರಿದು ನಿಂತ. ಆಮೇಲೆ ಗಂಟು ಬಿಚ್ಚಿ ತೋರಿಸಿದ. ಕುಸುಬೆ ಬೀಜ, ಎರಡು ಸೇರು ಇರಬಹುದು. ಬಿಳಿ, ಗಟ್ಟಿ, ಒಳ್ಳೆಯ ಬೀಜ.

"ಆಕೀನ ಕೊಟ್ಲ್ರಿ. ಈ ವರ್ಷ ಎಷ್ಟು ಫೂಟ್ ಹಾಕೂಣ್ರಿ?"

"ತೊಂಬತ್ತಾರೂ," ಎಂದೆ.

ಸೆಪ್ಟೆಂಬರಿನಲ್ಲಿ ಅವನು ಕಾಳಿನ ನಕ್ಷೆಯನ್ನು ಶೆಡ್ಡಿನ ಬದಲು ಖೋಲಿಯೊಳಗೇ ಹಾಕಿದ. ಉದ್ದ ಸಾಲದೆ ಎರಡು ತುಂಡು ಮಾಡಿದ್ದ. ನೋಡಿ ಬರೆದುಕೊಳ್ಳಲು ನಾನು ಹೋದಾಗ ಬಾಗಿಲಲ್ಲೇ ತಡೆದು, ಚಪ್ಪಲಿ ಹೊರಗೆ ಬಿಡಿ, ಕಾಳು ಸರಿದಾವು ಎಂದ. ಮೊದಲ ತುಂಡು ಕಿಟಕಿಯ ಕೆಳಗಿನ ಕಲ್ಲುಚಪ್ಪಡಿಯ ಮೇಲಿನಿಂದ ಶುರುವಾಗಿತ್ತು. ಅವನ ಸ್ಟವ್ ಹೊರಗೆ ಜಗುಲಿಯಲ್ಲಿತ್ತು. ನಾನು ನಿಂತುಕೊಂಡೇ ಬರೆದುಕೊಂಡೆ: ಹಿಂದೆ ಜೋಳ, ನಡುವೆ ತೊಗರಿ, ಮುಂದೆ ಎಳ್ಳು, ಎಲ್ಲದಕ್ಕೂ ಹೊರಗೆ ಕುಸುಬೆ. ಎಲ್ಲೂ ತಿದ್ದುವಂಥದ್ದೇನೂ ಇರಲಿಲ್ಲ.